ದಿನವಿಡೀ ಮೈ ಬಗ್ಗಿಸಿದರೂ ಗಟ್ಟಿಯಾಗದ ದೇಹ

ಕ್ಲೀನಿಂಗ್ ಕೆಲಸದವರು ಜಾರಿ ಬಿದ್ದರೆ, ಕೈ ಕುಯ್ದುಕೊಂಡರೆ ಬರುವ ಮೊದಲ ಮಾತು, "ನೋಡ್ಕೊಂಡು ಮಾಡ್ಬೇಕಿತ್ತು." ನನಗಂತೂ ಇದು ಅನ್ಯಾಯದ ಮಾತು ಅನ್ನಿಸುತ್ತದೆ. ನೋಡಿಕೊಂಡು ಮಾಡಲು ಗಮನ ಬೇಕು, ಮೈಯಲ್ಲಿ ದಮ್ಮೂ ಬೇಕು. ಎರಡನ್ನೂ ಆ ಕೆಲಸವೇ ಹೀರಿಬಿಡುತ್ತದೆ.

ಮೊದಲು ದಮ್ಮಿನ ಲೆಕ್ಕ ನೋಡೋಣ. ಸುಮ್ನೆ ಕೂತಾಗ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರ್ ಆಕ್ಸಿಜನ್ ಬಳಸುತ್ತದೆ. ನೆಲ ಒರೆಸುವಾಗ ಅದು 12ರ ಹತ್ತಿರ ಹೋಗುತ್ತದೆ. ಇಬ್ಬರು ಪಕ್ಕಪಕ್ಕ ಒರೆಸುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರ ದೇಹಕ್ಕೆ ಹೆಚ್ಚೆಂದರೆ 36 ಮಿಲಿಲೀಟರ್ ಬಳಸುವ ಶಕ್ತಿ ಇದೆ, ಇನ್ನೊಬ್ಬರಿಗೆ 24. ಅದೇ ಮಾಪ್, ಅದೇ ನೆಲ. ಆದರೆ ಮೊದಲನೆಯವರಿಗೆ ಅದು ತಾಕತ್ತಿನ ಮೂರನೇ ಒಂದು ಭಾಗ, ಎರಡನೆಯವರಿಗೆ ಅರ್ಧ. ಎಂಟು ಗಂಟೆಯ ದುಡಿಮೆ ಸರಾಸರಿ ಮೂರನೇ ಒಂದು ಭಾಗ ಮೀರಬಾರದು ಅನ್ನುವುದು ದುಡಿಮೆ ದೇಹವನ್ನು ಎಷ್ಟು ದಣಿಸುತ್ತದೆ ಅಂತ ಅಳೆಯುವ ತಜ್ಞರು ಬಹಳ ಕಾಲದಿಂದ ಬಳಸುತ್ತಿರುವ ಮಿತಿ. ಮೀರಿದರೆ ಆಯಾಸ ಬೇಗ ಬರುತ್ತದೆ. ಒದ್ದೆ ನೆಲದಲ್ಲಿ ಹಿಮ್ಮಡಿ ಚೂರು ಜಾರಿದಾಗ ಸಾವರಿಸಿಕೊಳ್ಳುವ ಚುರುಕು ದಣಿದ ಕಾಲಿಗೆ ಇರುವುದಿಲ್ಲ.

ಇದರ ಮೇಲೆ ಒತ್ತಡ. ಬರೀ ಕೆಲಸ ಜಾಸ್ತಿ ಇರುವುದಕ್ಕಿಂತ, ಜಾಸ್ತಿ ಕೆಲಸದ ಜೊತೆ ಸ್ವಂತ ತೀರ್ಮಾನಕ್ಕೆ ಜಾಗವೇ ಇಲ್ಲದಿರುವುದು ಜನರನ್ನು ಹೆಚ್ಚು ಹಣ್ಣು ಮಾಡುತ್ತದೆ ಎಂದು 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ ವಾದಿಸಿದರು. ಎಷ್ಟು ರೂಮು, ಎಷ್ಟು ಹೊತ್ತಿನಲ್ಲಿ ಅನ್ನುವುದನ್ನು ಬೇರೆಯವರೇ ಗೊತ್ತುಮಾಡುವ ಕ್ಲೀನಿಂಗ್ ಕೆಲಸಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಒತ್ತಡದಲ್ಲಿ ಭುಜ, ಕುತ್ತಿಗೆ ಬಿಗಿಯುತ್ತವೆ. ಗಮನವೂ ಕಿರಿದಾಗುತ್ತದೆ: ಮುಂದಿನ ರೂಮು ಕಾಣುತ್ತದೆ, ಕೈಯಲ್ಲಿರುವುದು ಕಾಣುವುದಿಲ್ಲ. ಕಸದ ಚೀಲ ತುಂಬಿದೆ, ಬದಲಾಯಿಸಲು ಟೈಮಿಲ್ಲ. ಅಂಗೈಯಿಂದ ಅದುಮುತ್ತಾರೆ. ಒಳಗೊಂದು ಒಡೆದ ಗಾಜು. ಕಲೆ ಬೇಗ ಹೋಗಲಿ ಅಂತ ಬ್ಲೀಚ್ ಜೊತೆ ಆಸಿಡ್ ಸುರಿದರೆ ಕ್ಲೋರಿನ್ ಅನಿಲವೇ ಏಳುತ್ತದೆ.

"ದಿನಾ ಇಷ್ಟು ದುಡೀತಾರೆ, ಅದೇ ವ್ಯಾಯಾಮ ಅಲ್ವಾ?" ಅಂತ ಕೇಳುವವರಿದ್ದಾರೆ. ಅಲ್ಲ. ವ್ಯಾಯಾಮದಲ್ಲಿ ಸ್ವಲ್ಪ ಹೊತ್ತು ಜೋರಾಗಿ ದಣಿದು, ಆಮೇಲೆ ಸುಧಾರಿಸಿಕೊಳ್ಳುತ್ತೇವೆ. ಇಲ್ಲಿ ಹೃದಯ ಗಂಟೆಗಟ್ಟಲೆ ಮಧ್ಯಮ ವೇಗದಲ್ಲೇ ಓಡುತ್ತದೆ, ಬಿಡುವು ಸಿಗುವುದಿಲ್ಲ.

ಹಾಗಾದರೆ ವ್ಯಾಯಾಮ ಮಾಡಿಸಿದರೆ ಆಯಿತೇ? ಡೆನ್ಮಾರ್ಕಿನಲ್ಲಿ 116 ಕ್ಲೀನರ್‌ಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಕೆಲಸದ ಸಮಯದಲ್ಲೇ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ವ್ಯಾಯಾಮ. ನಾಲ್ಕು ತಿಂಗಳಲ್ಲಿ ದಮ್ಮು ಹೆಚ್ಚಿತು. ಆದರೆ ರಕ್ತದೊತ್ತಡವೂ ಏರಿತು! ಮೊದಲೇ ಭಾರ ಹೊತ್ತ ಹೃದಯಕ್ಕೆ ಇನ್ನಷ್ಟು ಭಾರ ಬಿತ್ತು ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. ಹಾಗಾಗಿ ವ್ಯಾಯಾಮದ ಅರ್ಧ ಗಂಟೆ ಕೊಡುವವರು ಆ ದಿನದ ರೂಮುಗಳ ಲೆಕ್ಕವನ್ನೂ ಇಳಿಸಬೇಕು. ಎಷ್ಟು ಇಳಿಸಬೇಕು ಅಂತ ಮಾಪ್ ಹಿಡಿಯುವವರನ್ನೇ ಕೇಳಬೇಕು.