ಸಿ ಡ್ರೈವ್ ಕಾಪಿ ಮಾಡಿದರೂ ಎಸ್‌ಎಸ್‌ಡಿಯಿಂದ ವಿಂಡೋಸ್ ಏಕೆ ಆರಂಭವಾಗುವುದಿಲ್ಲ?

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಅಡಿಕೆ ವ್ಯವಹಾರದ ಲೆಕ್ಕ, ಟ್ಯಾಲಿ, ನುಡಿ ಎಲ್ಲವೂ ಅದರಲ್ಲಿವೆ. ಹಾರ್ಡ್ ಡಿಸ್ಕಿಗಿಂತ ವೇಗವಾದ 480 ಜಿಬಿಯ ಎಸ್‌ಎಸ್‌ಡಿ ತಂದು, ಸಿ ಡ್ರೈವಿನಲ್ಲಿದ್ದುದನ್ನೆಲ್ಲ ಅದಕ್ಕೆ ಕಾಪಿ ಮಾಡಿದೆ. ಆದರೆ ಅದರಿಂದ ವಿಂಡೋಸ್ ಆರಂಭವಾಗುತ್ತಿಲ್ಲ. ಎಲ್ಲವನ್ನೂ ಹೊಸದಾಗಿ ಹಾಕಿಸದೆ ಇದ್ದ ಹಾಗೆಯೇ ವರ್ಗಾಯಿಸಲು ಸಾಧ್ಯವೇ?
– ಓದುಗರು, ಶಿರಸಿ

ಉತ್ತರ: ಸಾಧ್ಯವಿದೆ. ಆದರೆ ಸಿ ಡ್ರೈವೊಂದನ್ನೇ ಕಾಪಿ ಮಾಡಿದರೆ ಸಾಲದು. ಲ್ಯಾಪ್‌ಟಾಪ್ ಆನ್ ಆದೊಡನೆ ಮದರ್‌ಬೋರ್ಡಿನಲ್ಲಿರುವ ಯುಇಎಫ್ಐ ತಂತ್ರಾಂಶವು ಡಿಸ್ಕಿನಲ್ಲಿ ಇಎಫ್ಐ ಎಂಬ ಸಣ್ಣ ಪಾರ್ಟಿಷನ್ನನ್ನು (ಡಿಸ್ಕಿನ ಪ್ರತ್ಯೇಕ ಭಾಗವನ್ನು) ಹುಡುಕುತ್ತದೆ. ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಇರುವುದೂ, ವಿಂಡೋಸ್ ಯಾವ ಪಾರ್ಟಿಷನ್ನಿನಲ್ಲಿದೆ ಎಂಬ ಮಾಹಿತಿ ಇರುವುದೂ ಅಲ್ಲಿಯೇ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ, ಸಿ ಡ್ರೈವಿನ ಅಕ್ಕಪಕ್ಕದಲ್ಲಿ 100 ಅಥವಾ 260 ಎಂಬಿಯ ಇಎಫ್ಐ ಪಾರ್ಟಿಷನ್ನೂ, ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಷನ್ನೂ ಕಾಣುತ್ತವೆ. ಇವುಗಳಿಗೆ ಡ್ರೈವ್ ಅಕ್ಷರವಿಲ್ಲದ ಕಾರಣ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಇವು ಗೋಚರಿಸುವುದಿಲ್ಲ, ಹಾಗಾಗಿ ನಿಮ್ಮ ಕಾಪಿಯಲ್ಲಿಯೂ ಬಂದಿಲ್ಲ. ಜೊತೆಗೆ, ಚಾಲನೆಯಲ್ಲಿರುವ ವಿಂಡೋಸ್ ತನ್ನ ರಿಜಿಸ್ಟ್ರಿಯಂತಹ (ಸೆಟ್ಟಿಂಗುಗಳನ್ನು ಬರೆದಿಡುವ) ಫೈಲುಗಳನ್ನು ಹಿಡಿದಿಟ್ಟುಕೊಂಡಿರುವುದರಿಂದ ಸಿ ಡ್ರೈವ್ ಕೂಡ ಪೂರ್ತಿ ಕಾಪಿಯಾಗಿರುವುದಿಲ್ಲ.

ಆದ್ದರಿಂದ ನಿಮಗೆ ಬೇಕಾಗಿರುವುದು ಇಡೀ ಡಿಸ್ಕಿನ ಕ್ಲೋನ್, ಅಂದರೆ ಎಲ್ಲ ಪಾರ್ಟಿಷನ್ನುಗಳೂ ಸೇರಿದ ಯಥಾವತ್ ಪ್ರತಿ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಿ, ಅದನ್ನು ತಯಾರಿಸಿದ ಕಂಪನಿ ಕ್ಲೋನಿಂಗ್ ತಂತ್ರಾಂಶ ಕೊಡುತ್ತಿದ್ದರೆ ಅದನ್ನೇ ಮೊದಲು ಬಳಸಿರಿ. ಇಂತಹ ತಂತ್ರಾಂಶಗಳಲ್ಲಿ ಹೆಚ್ಚಿನವು ಚಿಕ್ಕ ಡಿಸ್ಕಿಗೆ ತಕ್ಕಂತೆ ಪಾರ್ಟಿಷನ್ನಿನ ಅಳತೆಯನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಹಳೆಯ ಡಿಸ್ಕಿನಲ್ಲಿ ತುಂಬಿರುವ ಮಾಹಿತಿ 380–400 ಜಿಬಿಯೊಳಗಿದ್ದರೆ 480 ಜಿಬಿ ಸಾಕು. ಹೆಚ್ಚಿದ್ದರೆ ಫೋಟೊ, ವಿಡಿಯೊಗಳನ್ನು ಮೊದಲೇ ಬೇರೆಡೆ ಇಡಬೇಕು. ಉಚಿತವಾಗಿ ದೊರೆಯುವ ಕ್ಲೋನ್‌ಜಿಲ್ಲಾ ಉತ್ತಮವಾದದ್ದೇ ಆದರೂ, ಗುರಿಯ ಡಿಸ್ಕ್ ಮೂಲ ಡಿಸ್ಕಿನಷ್ಟಾದರೂ ಇರಬೇಕೆಂದು ಅದು ಸಾಮಾನ್ಯವಾಗಿ ನಿರೀಕ್ಷಿಸುತ್ತದೆ. ಚಿಕ್ಕದಕ್ಕೆ ಹೊಂದಿಸಲು ಹಳೆಯ ಪಾರ್ಟಿಷನ್ನನ್ನೇ ಮೊದಲು ಕುಗ್ಗಿಸಬೇಕಾಗುತ್ತದೆ. ಹೊಸಬರಿಗೆ ನಾನು ಆ ದಾರಿಯನ್ನು ಸೂಚಿಸುವುದಿಲ್ಲ.

ಇದಕ್ಕೆ ನಮ್ಮ ಭಾಗದ ಕಾರಣವೂ ಒಂದಿದೆ. ಕ್ಲೋನ್ ಮಾಡುವಾಗ ಹಳೆಯ ಡಿಸ್ಕನ್ನು ಓದುವುದಷ್ಟೇ ನಡೆಯುವುದರಿಂದ, ಮಧ್ಯದಲ್ಲಿ ಕರೆಂಟು ಹೋದರೆ ಎಸ್‌ಎಸ್‌ಡಿಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆಯೇ ಹೊರತು ಲೆಕ್ಕಪತ್ರಗಳಿಗೆ ಧಕ್ಕೆಯಾಗುವುದಿಲ್ಲ; ಪುನಃ ಮೊದಲಿನಿಂದ ಆರಂಭಿಸಿದರಾಯಿತು. ಪಾರ್ಟಿಷನ್ ಕುಗ್ಗಿಸುತ್ತಿರುವಾಗ ಕರೆಂಟು ಹೋದರೆ ಮಾತ್ರ ಇದ್ದ ಮಾಹಿತಿಯೇ ಹಾಳಾಗಬಹುದು. ಹಳೆಯ ಲ್ಯಾಪ್‌ಟಾಪುಗಳ ಬ್ಯಾಟರಿ ಹತ್ತು ನಿಮಿಷವೂ ನಿಲ್ಲದಿರುವುದು ಸಾಮಾನ್ಯವಾದ್ದರಿಂದ, ಗಾಳಿಮಳೆಗೆ ಕರೆಂಟು ಹೋಗಿಬರುವ ಆಷಾಢದಲ್ಲಿ ಇನ್ವರ್ಟರ್ ಇಲ್ಲದೆ ಪಾರ್ಟಿಷನ್ ಕುಗ್ಗಿಸುವ ಕೆಲಸಕ್ಕೆ ಕೈಹಾಕಬಾರದು. ಕ್ಲೋನ್ ಮಾಡುವಾಗ ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಮಾತ್ರ ಸಾಗುವುದರಿಂದ 200 ಜಿಬಿಗೆ ಎರಡು ತಾಸು ಹಿಡಿಯುತ್ತದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಒಳಭಾಗ ನೀಲಿಯಾಗಿರುವ ಯುಎಸ್‌ಬಿ 3 ಪೋರ್ಟ್ ಇದ್ದರೆ ಅದನ್ನೇ ಬಳಸಿರಿ.

ಆರಂಭಿಸುವ ಮೊದಲು ಟ್ಯಾಲಿಯ ಡೇಟಾವನ್ನು ಪೆನ್‌ಡ್ರೈವಿಗೆ ಬ್ಯಾಕಪ್ ಮಾಡಿರಿ. ಡಿಸ್ಕ್ ಬದಲಾದಾಗ ಟ್ಯಾಲಿ ತನ್ನ ಲೈಸೆನ್ಸನ್ನು ಮತ್ತೆ ಸಕ್ರಿಯಗೊಳಿಸಲು ಕೇಳಿದರೂ ಕೇಳಬಹುದು. ಅದಕ್ಕೆ ಬೇಕಾದ ಸೀರಿಯಲ್ ಸಂಖ್ಯೆ ಕೈಯಲ್ಲಿರಲಿ. ವಿಂಡೋಸಿನ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಹೊಂದಿಕೊಂಡಿರುವುದರಿಂದ ಅದರ ಚಿಂತೆ ಬೇಡ. ನುಡಿಯೂ ಅದರ ಅಕ್ಷರಶೈಲಿಗಳೂ ಕ್ಲೋನಿನೊಂದಿಗೆ ತಾವಾಗಿಯೇ ಬರುತ್ತವೆ. ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಬಳಿಕ ಅದನ್ನು ಆಫ್ ಮಾಡಿರಿ. ಹಳೆಯ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಕ್ಲೋನಿನ ಯೋಚನೆಯನ್ನೇ ಬಿಟ್ಟು, ಮುಖ್ಯ ಫೈಲುಗಳನ್ನು ಮೊದಲು ಹೊರತೆಗೆಯಿರಿ.

ಕ್ಲೋನ್ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿರಿ. ಮೊದಲ ಸಲ ಆನ್ ಮಾಡುವಾಗ ಹಳೆಯ ಡಿಸ್ಕ್ ಯುಎಸ್‌ಬಿಯಲ್ಲಿಯೂ ಜೋಡಣೆಯಾಗಿರಬಾರದು, ಏಕೆಂದರೆ ಎರಡರ ಗುರುತೂ ಒಂದೇ ಆಗಿ, ಯಾವುದರಿಂದ ಆರಂಭವಾಯಿತು ಎಂಬುದೇ ಗೊಂದಲವಾಗುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದೂ ಅದೇ ಆಗಿದ್ದು, ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವಾಗಿದ್ದರೆ, ಕ್ಲೋನ್ ಮಾಡಿ ಕೆಲವು ದಿನ ಬಳಸಿ ನೋಡಿದ ನಂತರವೇ ಅಪ್‌ಗ್ರೇಡ್ ಮಾಡಿರಿ. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ, ಮಳೆಗಾಲದ ತೇವ ತಾಗದಂತೆ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಇಡಿರಿ.