ಆ ಕವರಿನ ಮೇಲೆ ದನ ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ‘ಆಟಂ ಹಾರ್ಟ್ ಮದರ್’ ಆಲ್ಬಂನ ಕವರಿನಲ್ಲಿ ಒಂದು ದನ ಬಿಟ್ಟರೆ ಏನೂ ಇಲ್ಲ, ಬ್ಯಾಂಡಿನ ಹೆಸರು ಕೂಡ. ಹಾಡಿಗೂ ದನಕ್ಕೂ ಏನು ಸಂಬಂಧ?

ಉತ್ತರ: ಸಂಬಂಧ ಇಲ್ಲ. ಇರಬಾರದು ಎಂದೇ ಅದನ್ನು ಹಾಕಿದ್ದು.

ನಮ್ಮ ಕಾಸರಗೋಡಿನವರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಹಟ್ಟಿಯಲ್ಲಿ ಸೊಂಟದೆತ್ತರದ ಗಿಡ್ಡ ದನಗಳನ್ನು ನೋಡುತ್ತಾ ಬೆಳೆದವರಿಗೆ ಆ ಚಿತ್ರ ಸುಮ್ಮನೆ ದಾಟಿಹೋಗುವಂಥದ್ದಲ್ಲ. ಕವರಿನಲ್ಲಿರುವುದು ಹೋಲ್‌ಸ್ಟೀನ್ ಫ್ರೀಷಿಯನ್, ಅಂದರೆ ಹಾಲಿನ ಸೊಸೈಟಿಯಲ್ಲಿ ಎಚ್‌ಎಫ್ ಅನ್ನುತ್ತೇವಲ್ಲ, ಅದೇ. ಹೆಸರು ಮೂರನೇ ಲುಲುಬೆಲ್. ಹಸಿರು ಹುಲ್ಲು, ಮೇಲೆ ಆಕಾಶ. ದನ ಬೆನ್ನು ತಿರುಗಿಸಿ ನಿಂತಿದೆ, ಆದರೆ ಕತ್ತು ಹೊರಳಿಸಿ ನಮ್ಮನ್ನೇ ನೋಡುತ್ತಿದೆ.

ಅಲ್ಲಿಯವರೆಗೆ ಪಿಂಕ್ ಫ್ಲಾಯ್ಡ್ ಎಂದರೆ ಬಾಹ್ಯಾಕಾಶ, ಬಣ್ಣ, ಭ್ರಮೆ ಎಂದಾಗಿತ್ತು. ಆ ಹಣೆಪಟ್ಟಿ ಕಿತ್ತೊಗೆಯಲು ತೀರಾ ಸಾದಾ ಚಿತ್ರವೊಂದು ಬೇಕಿತ್ತು. ಕವರ್ ಮಾಡಿದ ಹಿಪ್ನೋಸಿಸ್ ಸಂಸ್ಥೆಯ ಸ್ಟಾರ್ಮ್ ಥೋರ್ಗರ್ಸನ್, ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ದನದ ಮುಖಗಳಿಂದ ಮಾಡಿದ್ದ ವಾಲ್‌ಪೇಪರನ್ನು ನೆನೆದು, ಲಂಡನ್ನಿನ ಉತ್ತರಕ್ಕಿರುವ ಪಾಟರ್ಸ್ ಬಾರ್ ಕಡೆಗೆ ಕಾರು ಬಿಟ್ಟರು. ಕಂಡ ಮೊದಲ ದನದ ಫೋಟೊ ತೆಗೆದರು.

ಹೆಸರೂ ಹೀಗೇ ಕೈಗೆ ಸಿಕ್ಕಿದ್ದು. 1970ರ ಜುಲೈ 16ರಂದು ಬ್ಯಾಂಡ್ ಬಿಬಿಸಿ ರೇಡಿಯೊ ಕಾರ್ಯಕ್ರಮಕ್ಕೆ ಹೋದಾಗ ಆಲ್ಬಂನ ಮುಖ್ಯ ಕೃತಿಗೆ ಹೆಸರೇ ಇರಲಿಲ್ಲ. ಪೇಪರಿನಲ್ಲಿ ಹುಡುಕು ಎಂದು ಕೃತಿ ಕಟ್ಟಲು ಜತೆಯಾದ ಸಂಗೀತಗಾರ ರಾನ್ ಗೀಸಿನ್ ಬ್ಯಾಂಡಿನ ರೋಜರ್ ವಾಟರ್ಸ್‌ಗೆ ಹೇಳಿದರು. ಅಣುಶಕ್ತಿಯ ಪೇಸ್‌ಮೇಕರ್ ಹಾಕಿಸಿಕೊಂಡ ಹೆಂಗಸಿನ ಸುದ್ದಿ ಅಂದಿನ ಪತ್ರಿಕೆಯಲ್ಲಿತ್ತು, ಅದರ ತಲೆಬರಹದಿಂದಲೇ ‘ಆಟಂ ಹಾರ್ಟ್ ಮದರ್’, ಅಂದರೆ ಅಣುಹೃದಯದ ತಾಯಿ, ಸಿಕ್ಕಿತು. ಆಮೇಲೆ ಕೃತಿಯ ಒಳಭಾಗಗಳಿಗಿಟ್ಟ ಹೆಸರುಗಳಲ್ಲಿ ಹಾಲು, ಸೆಗಣಿ ಎರಡೂ ಬಂದಿವೆ. ದನ ಒಳಗೆ ಬಂದದ್ದು ಅಷ್ಟೇ.

ಕವರಿನಷ್ಟೇ ಸ್ವಾರಸ್ಯ ಇರುವುದು ಧ್ವನಿಮುದ್ರಣದಲ್ಲಿ. ಎಲ್‌ಪಿ ತಟ್ಟೆಯ ಮೊದಲ ಬದಿ ಪೂರ್ತಿ ಈ ಒಂದೇ ಕೃತಿ, 23 ನಿಮಿಷಕ್ಕೂ ಹೆಚ್ಚು. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊಗೆ ಆಗಷ್ಟೇ ಎಂಟು ಟ್ರ್ಯಾಕಿನ, ಅಂದರೆ ಎಂಟು ಧ್ವನಿಗಳನ್ನು ಬೇರೆಬೇರೆಯಾಗಿ ಹಿಡಿಯುವ, ಯಂತ್ರ ಬಂದಿತ್ತು. ಅದರ ಒಂದಿಂಚಿನ ಟೇಪನ್ನು ಕತ್ತರಿಸಿ ಅಂಟಿಸುವ ಹಾಗಿರಲಿಲ್ಲ. ಹಾಗಾಗಿ ವಾಟರ್ಸ್ ಬೇಸ್ ಗಿಟಾರ್ ಹಿಡಿದು, ನಿಕ್ ಮೇಸನ್ ಡ್ರಮ್ಸ್ ಮುಂದೆ ಕೂತು, ಶುರುವಿನಿಂದ ಕೊನೆವರೆಗೆ ಒಂದೇ ಉಸಿರಿಗೆ ನುಡಿಸಬೇಕಾಯಿತು. ಉಳಿದದ್ದೆಲ್ಲ ಅದರ ಮೇಲೆ ಕೂರಿಸಿದ್ದು. ಲಯ ಅಲ್ಲಲ್ಲಿ ತುಸು ಏರಿಳಿಯುವುದು ಇದರಿಂದಲೇ. ನನಗಂತೂ ಆ ಏರಿಳಿತವೇ ಇಷ್ಟ, ಇಬ್ಬರು ಮನುಷ್ಯರು ನುಡಿಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಬ್ಯಾಂಡ್ ಅಮೆರಿಕ ಪ್ರವಾಸದಲ್ಲಿದ್ದಾಗ ಗೀಸಿನ್ ಹಿತ್ತಾಳೆ ವಾದ್ಯಗಳಿಗೆ, ಮೇಳಗಾಯನಕ್ಕೆ ಸ್ವರ ಬರೆದರು. ಸ್ಟುಡಿಯೊದಲ್ಲಿ ವಾದಕರೊಂದಿಗೆ ಜಟಾಪಟಿಯಾಗಿ ವಾದ್ಯಮೇಳದ ನಿರ್ದೇಶನವನ್ನು ಮೇಳಗಾಯನದ ನಿರ್ದೇಶಕ ಜಾನ್ ಆಲ್ಡಿಸ್ ವಹಿಸಿಕೊಂಡರು.

ಎರಡನೇ ಬದಿಯ ಕೊನೆಯ ತುಣುಕಿನಲ್ಲಿ ಒಬ್ಬ ಬೆಳಗಿನ ತಿಂಡಿ ಮಾಡಿಕೊಳ್ಳುವ ಸದ್ದುಗಳಿವೆ. ನಳದಿಂದ ನೀರು ತೊಟ್ಟಿಕ್ಕುವುದೂ ಕೇಳುತ್ತದೆ.

ಅಕ್ಟೋಬರಿನಲ್ಲಿ ಬಂದ ಈ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಪಿಂಕ್ ಫ್ಲಾಯ್ಡ್‌ಗೆ ಅದು ಮೊದಲ ಸಲ. ಮುಂದೆ ವಾಟರ್ಸ್, ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಇಬ್ಬರೂ ಇದರ ಬಗ್ಗೆ ಹಗುರವಾಗಿ ಮಾತಾಡಿದರು. ನಾನು ಒಪ್ಪುವುದಿಲ್ಲ. ಹಿತ್ತಾಳೆಯ ಅಬ್ಬರ ಇಳಿದ ಮೇಲೆ ಬರುವ ಚೆಲ್ಲೊ, ಅದರ ಬೆನ್ನಿಗೇ ಗಿಲ್ಮೋರ್ ಗಿಟಾರು, ಅಷ್ಟು ಕೇಳಿದರೆ ನೀವೂ ಒಪ್ಪಲಿಕ್ಕಿಲ್ಲ. ತುಂಡು ತುಂಡಾಗಿ ಮಾತ್ರ ಕೇಳಬೇಡಿ, ಇಡೀ ಬದಿಯನ್ನು ಒಟ್ಟಿಗೇ ಕೇಳಿ.