ನೆರಳಿಗೂ ಒಂದು ಅಂಚು ಬೇಕು

ಉದ್ದ ಕೋಟು, ಅಗಲ ಅಂಚಿನ ಟೋಪಿ, ಕಿಟಕಿಗೆ ಪಟ್ಟಿಪರದೆ, ಹೊರಗೆ ಬಿಡದ ಮಳೆ. ಹಳೆಯ ನ್ವಾರ್ ಚಿತ್ರಗಳಿಗೆ (ಕತ್ತಲೆ, ನೆರಳು ತುಂಬಿದ ಅಪರಾಧ ಚಿತ್ರಗಳಿಗೆ) ಗೌರವ ಸಲ್ಲಿಸಲು ಹೊರಟ ಇಂದಿನ ಪತ್ತೇದಾರಿ ಸಿನಿಮಾದಲ್ಲಿ ಇದಿಷ್ಟೂ ಇರುತ್ತದೆ. ಆದರೂ ತೆರೆಯ ಮೇಲೆ ಅದು ಸುಗಂಧದ್ರವ್ಯದ ಜಾಹೀರಾತಿನ ಹಾಗೆ ಕಾಣುತ್ತದೆ. ಸೆಟ್ಟಿನ ತುಂಬ ಬೆಳಕು ಬಿಟ್ಟು ಚಿತ್ರೀಕರಿಸಿ, ಆಮೇಲೆ ಗ್ರೇಡಿಂಗ್‌ನಲ್ಲಿ (ಚಿತ್ರೀಕರಣದ ನಂತರ ಬಣ್ಣ, ಹೊಳಪು ತಿದ್ದುವ ಹಂತದಲ್ಲಿ) ಕಪ್ಪಾಗಿಸಿದ್ದರ ಫಲ ಬಹುಮಟ್ಟಿಗೆ ಇದು. ಗ್ರೇಡಿಂಗ್‌ನಲ್ಲಿ ಚಿತ್ರವನ್ನು ಇಳಿಸಿದರೆ ಮುಖವೂ ಗೋಡೆಯೂ ಒಟ್ಟಿಗೇ ಮಂಕಾಗುತ್ತವೆ. ಮೂಗಿನ ನೆರಳು ಕೆನ್ನೆಯ ಮೇಲೆ ಎಲ್ಲಿ ನಿಲ್ಲಬೇಕೆಂಬುದು ಲೈಟ್ ಇಡುವಾಗಲೇ ತೀರ್ಮಾನವಾಗಬೇಕು.

ಪಟ್ಟಿಪರದೆಯನ್ನೇ ತೆಗೆದುಕೊಳ್ಳಿ. ಗೋಡೆಯ ಮೇಲೆ ಗೆರೆಗೆರೆಯಾಗಿ ಬೀಳಬೇಕಾದ ನೆರಳು ಬೂದುಬಣ್ಣದ ಕಲೆಯಂತೆ ಹರಡಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಲೆಕ್ಕ ಸರಳ: ಲೈಟಿನ ಅಗಲವನ್ನು ಪರದೆಯಿಂದ ಗೋಡೆಗಿರುವ ದೂರದಿಂದ ಗುಣಿಸಿ, ಲೈಟಿನಿಂದ ಪರದೆಗಿರುವ ದೂರದಿಂದ ಭಾಗಿಸಿದರೆ, ನೆರಳಿನ ಅಂಚು ಎಷ್ಟು ಅಗಲಕ್ಕೆ ಮಸುಕಾಗುತ್ತದೆಂದು ಸಿಗುತ್ತದೆ. 20 ಸೆಂ.ಮೀ. ಅಗಲದ ಲೈಟು ಪರದೆಯಿಂದ 4 ಮೀಟರ್ ಹಿಂದಿದೆ, ಗೋಡೆ 2 ಮೀಟರ್ ಮುಂದಿದೆ ಎನ್ನಿ. ಮಸುಕು 10 ಸೆಂ.ಮೀ. 5 ಸೆಂ.ಮೀ. ಪಟ್ಟಿಯ ನೆರಳು ಅದರಲ್ಲಿ ಪೂರ್ತಿ ಕರಗಿಹೋಗುತ್ತದೆ. ಲೈಟನ್ನು 6 ಮೀಟರಿಗೆ ಸರಿಸಿ, ಪರದೆಯನ್ನು ಗೋಡೆಯಿಂದ ಅರ್ಧ ಮೀಟರಿನಲ್ಲಿ ತೂಗುಹಾಕಿದರೆ ಮಸುಕು 1.7 ಸೆಂ.ಮೀ.ಗೆ ಇಳಿಯುತ್ತದೆ. ಹಾಗಾಗಿ ಕ್ಯಾಮೆರಾ ಚೌಕಟ್ಟಿನಲ್ಲಿ ಕಾಣುವ ಕಿಟಕಿಯ ಪರದೆ ನೋಟಕ್ಕಷ್ಟೇ ಇರಲಿ. ನೆರಳು ಬೀಳಿಸುವ ಪರದೆ ಬೇರೆ, ಅದು ಕ್ಯಾಮೆರಾ ಕಣ್ಣಿಗೆ ಬೀಳದಂತೆ ಗೋಡೆಗೆ ಹತ್ತಿರದಲ್ಲಿರಲಿ. ಎರಡೂ ಒಂದೇ ಅಲ್ಲವೆಂದು ಪ್ರೇಕ್ಷಕ ಅಳೆದು ನೋಡುವುದಿಲ್ಲ. ಪಟ್ಟಿಗಳನ್ನು ಮಾತ್ರ ಬೆಳಕು ಬರುವ ಕೋನಕ್ಕೇ ವಾಲಿಸಬೇಕು, ಇಲ್ಲವಾದರೆ ಅರ್ಧ ಬೆಳಕು ಅಲ್ಲೇ ನಿಂತುಬಿಡುತ್ತದೆ.

ಮುಂದೆ ಮಸೂರವಿರುವ ಫ್ರೆಸ್ನೆಲ್ ಲೈಟನ್ನು ಸ್ಪಾಟ್‌ಗೆ (ಕಿರಿದಾದ ಕಿರಣಕ್ಕೆ) ತಿರುಗಿಸಿದರೆ ಬೆಳಕು ಜೋರಾಗುತ್ತದೆ, ಅಂಚು ಮೆತ್ತಗಾಗುತ್ತದೆ. ಪೂರ್ತಿ ಫ್ಲಡ್‌ನಲ್ಲೇ (ಅಗಲವಾಗಿ ಹರಡಿದ ಕಿರಣದಲ್ಲೇ) ನೆರಳು ಚೂಪು. ಅಗಲವಾದ ಎಲ್‌ಇಡಿ ಪ್ಯಾನೆಲ್‌ಗಳು ಈ ಕೆಲಸಕ್ಕೆ ಬರುವುದೇ ಇಲ್ಲ. ಬೆಳಕು ಸಾಲದೆಂದು ಅದೇ ಪರದೆಯ ಹಿಂದೆ ಇನ್ನೊಂದು ಲೈಟು ಇಟ್ಟರೆ ಗೆರೆಗಳು ಜೋಡಿಜೋಡಿಯಾಗಿ ಬಿದ್ದು ಗುಟ್ಟು ರಟ್ಟಾಗುತ್ತದೆ.

ಇನ್ನು ಕತ್ತಲೆಯ ವಿಚಾರ. 1940ರ ದಶಕದ ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, 100ರ ಆಸುಪಾಸು. ಅದೇ ಅಳತೆಯಲ್ಲಿ ಇಂದಿನ ಹಲವು ಕ್ಯಾಮೆರಾಗಳ ಮೂಲ ಐಎಸ್‌ಒ 800. ಎಂಟು ಪಟ್ಟು ಹೆಚ್ಚು. ಅಂದು ಲೈಟು ಹಾಕದ ಜಾಗ ತಾನಾಗಿಯೇ ಕಪ್ಪಾಗುತ್ತಿತ್ತು. ಇಂದು ಬಿಳಿ ಗೋಡೆಯಿಂದ ಪುಟಿದ ಬೆಳಕು, ನಟನ ಮುಂದಿರುವ ಮಾನಿಟರಿನ ಹೊಳಪು, ಎಲ್ಲವೂ ನೆರಳಿಗೆ ನುಗ್ಗುತ್ತವೆ. ಆದ್ದರಿಂದ ಕೀ ಲೈಟ್ (ಮುಖಕ್ಕೆ ಬೀಳುವ ಮುಖ್ಯ ಲೈಟು) ಇಟ್ಟ ಮೇಲೆ ಎರಡನೇ ಲೈಟಿಗೆ ಕೈ ಹಾಕುವ ಮೊದಲು ಮುಖದ ಇನ್ನೊಂದು ಮಗ್ಗುಲಿಗೆ ಕಪ್ಪು ಬಟ್ಟೆ ನಿಲ್ಲಿಸಬೇಕು, ಚೌಕಟ್ಟಿಗೆ ಬಾರದಷ್ಟೇ ದೂರದಲ್ಲಿ. ಬೆಳಗಿದ ಮಗ್ಗುಲಿಗಿಂತ ಮೂರು ಸ್ಟಾಪ್ ಕೆಳಗಿದ್ದರೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ನೆರಳಿನ ಕಣ್ಣು ಇನ್ನೂ ಓದಲು ಸಿಗುತ್ತದೆ. ನಾಲ್ಕಕ್ಕಿಳಿದರೆ, ಅಂದರೆ ಹದಿನಾರನೇ ಒಂದು ಭಾಗಕ್ಕೆ, ಆ ಮನುಷ್ಯನ ಮೇಲೆ ಅನುಮಾನ ಹುಟ್ಟುತ್ತದೆ.

ಟೋಪಿಯದು ಇನ್ನೊಂದು ತಲೆನೋವು. 6 ಸೆಂ.ಮೀ. ಅಂಚು, 45 ಡಿಗ್ರಿ ಎತ್ತರದ ಲೈಟು: ನೆರಳು ಅಂಚಿನಿಂದ 6 ಸೆಂ.ಮೀ. ಕೆಳಗಿಳಿದು ನೇರ ಕಣ್ಣಿನ ಮೇಲೆ ಕೂರುತ್ತದೆ. ಲೈಟನ್ನು 30 ಡಿಗ್ರಿಗೆ ಇಳಿಸಿದರೆ ಮೂರೂವರೆ ಸೆಂ.ಮೀ.ಗೇ ನಿಂತು ಹುಬ್ಬಿನ ಹತ್ತಿರ ಉಳಿಯುತ್ತದೆ. ಪತ್ತೇದಾರ ಏನೋ ಮುಚ್ಚಿಡುತ್ತಿರುವ ದೃಶ್ಯಕ್ಕೆ ಮೊದಲನೆಯದು, ಅವನಿಗೆ ಏನೋ ಹೊಳೆದ ಕ್ಷಣಕ್ಕೆ ಎರಡನೆಯದು. (ಈ ಕಾಲದ ಕಥೆಗೆ ಟೋಪಿ ಯಾಕೆಂದು ಚಿತ್ರಕಥೆಯಲ್ಲಿ ಕಾರಣ ಸಿಗದಿದ್ದರೆ ಅದನ್ನು ಬಿಟ್ಟುಬಿಡುವುದೇ ಲೇಸು.)

ಕ್ಯಾಮೆರಾದ ಕಡೆಯಿಂದ ಬೀಳುವ ಬೆಳಕಿನಲ್ಲಿ ಮಳೆ ಅಷ್ಟಾಗಿ ಕಾಣುವುದಿಲ್ಲ. ಹಿಂದಿನಿಂದ ಲೈಟು, ಅದರಾಚೆ ಕಪ್ಪು ಹಿನ್ನೆಲೆ ಬೇಕು. ಹೊಗೆಯೂ ಹಾಗೆಯೇ, ಆದರೆ ಅದು ಹೆಚ್ಚಾದಷ್ಟೂ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ‘ಡಬಲ್ ಇಂಡೆಮ್ನಿಟಿ’ (1944) ಚಿತ್ರದಲ್ಲಿ ಛಾಯಾಗ್ರಾಹಕ ಜಾನ್ ಸೈಟ್ಜ್ ಬಿಸಿಲಕೋಲಿನಲ್ಲಿ ಧೂಳು ತೇಲಿಸಲು ಅಲ್ಯೂಮಿನಿಯಂ ಪುಡಿ ತೂರಿದ್ದರು. ಇಂದು ಯಾರ ಶ್ವಾಸಕೋಶಕ್ಕೂ ಅದು ಬೇಡ, ತೆಳು ಮಂಜಿನಂಥ ಹೊಗೆ ಬಿಡುವ ಹೇಜ್ ಯಂತ್ರವನ್ನು ಒಂದೆರಡು ಸಲ ಬಿಟ್ಟು ಹರಡಲು ಕಾದರೆ ಸಾಕು.

ಕಪ್ಪು-ಬಿಳುಪು ಬೇಕೆಂದರೂ ಬಣ್ಣದಲ್ಲೇ ಚಿತ್ರೀಕರಿಸುವುದು ಹೊಸದೇನಲ್ಲ. ರೋಜರ್ ಡೀಕಿನ್ಸ್ ಛಾಯಾಗ್ರಹಣದ ‘ದ ಮ್ಯಾನ್ ಹೂ ವಾಸಂಟ್ ದೇರ್’ (2001) ಬಣ್ಣದ ನೆಗೆಟಿವ್‌ನಲ್ಲೇ ತೆಗೆದದ್ದು. ಎಚ್ಚರ ಬೇಕಿರುವುದು ಉಡುಪಿನಲ್ಲಿ. ಕಡುಗೆಂಪು ಸೀರೆಯಾಗಲಿ ಗೌನಾಗಲಿ, ಅದರ ಹಿಂದಿನ ಹಸಿರು ಗೋಡೆಯೂ ಅಷ್ಟೇ ಗಾಢವಾಗಿದ್ದರೆ ಎರಡೂ ಒಂದೇ ಬೂದುಬಣ್ಣವಾಗಿ ನಟಿ ಗೋಡೆಯಲ್ಲಿ ಅಂಟಿಕೊಳ್ಳುತ್ತಾಳೆ. ಬಟ್ಟೆ ಹೊಲಿಸುವ ಮೊದಲೇ ತುಣುಕನ್ನು ಕಪ್ಪು-ಬಿಳುಪು ಮಾನಿಟರಿನಲ್ಲಿ ನೋಡಿ.

ಕತ್ತಲೆ ಕಥೆಯಲ್ಲೂ ಇರಬೇಕು. ‘ಚೈನಾಟೌನ್’ (1974) ಬಣ್ಣದ ಚಿತ್ರ, ಅದರ ಬಹುಭಾಗ ಲಾಸ್ ಏಂಜಲೀಸ್‌ನ ಬಿರುಬಿಸಿಲಿನಲ್ಲಿ ನಡೆಯುತ್ತದೆ. ಆದರೂ ಅದು ನ್ವಾರ್, ಏಕೆಂದರೆ ಪತ್ತೇದಾರ ಗಿಟಿಸ್ ಕಾಣದ್ದನ್ನು ನಾವೂ ಕಾಣೆವು. ಅವನು ಏಟು ತಿಂದು ಪ್ರಜ್ಞೆ ತಪ್ಪಿದಾಗ ತೆರೆಯೂ ಕಪ್ಪಾಗುತ್ತದೆ. ಕೊಲೆಗಾರನ ಮನೆಗೆ ಕ್ಯಾಮೆರಾ ಮೊದಲೇ ಹೋಗಿಬಂದರೆ ಎಷ್ಟು ನೆರಳು ಹಾಕಿದರೂ ವ್ಯರ್ಥ.

ಕಡೆಯ ಪರೀಕ್ಷೆ ಫೋನಿನಲ್ಲಿ. ಕತ್ತಲ ಕೋಣೆಯಲ್ಲಿ ಗ್ರೇಡಿಂಗ್ ಮಾಡುವ ಕಲರಿಸ್ಟ್‌ಗೆ ಚೆನ್ನಾಗಿ ಕಂಡ ಪಿಸ್ತೂಲು ಹಗಲು ಬೆಳಕಿನಲ್ಲಿ ಮಾಯವಾಗಿರುತ್ತದೆ. ಆಗ ನೆರಳನ್ನೇ ಎತ್ತಿದರೆ ನಾಯ್ಸ್ (ಮರಳಿನಂಥ ಚುಕ್ಕೆಗಳು) ಎದ್ದು ಬರುತ್ತದೆ, ಆನ್‌ಲೈನ್ ಕಂಪ್ರೆಶನ್‌ನಲ್ಲಿ ಅದು ಚೌಕ ಚೌಕವಾಗಿ ಒಡೆಯುತ್ತದೆ. ಅದನ್ನು ತಪ್ಪಿಸಬೇಕಾದರೆ ಚಿತ್ರೀಕರಣದ ದಿನವೇ ಒಂದು ಸಣ್ಣ ಬ್ಯಾಕ್‌ಲೈಟ್ ಇಟ್ಟು, ಪಿಸ್ತೂಲಿನ ನಳಿಗೆಯ ಮೇಲೆ ಕೂದಲೆಳೆಯಷ್ಟು ಹೊಳಪಿನ ಗೆರೆ ಎಳೆದಿರಬೇಕು. ಉಳಿದ ಕೈ, ತೋಳು, ಕೋಟು ಕಪ್ಪಾಗಿಯೇ ಇರಲಿ.